ಅಪ್ಪ ಕಟ್ಟಿದ ಪೀಪಾಯಿಗಳು

ಆ ವರ್ಷ ಎಂಟು ಓಕ್ ಪೀಪಾಯಿಗಳು ಹಾಳಾದದ್ದು ನನ್ನಿಂದ. ಯಾರೋ ನನ್ನ ಮೇಲೆ ಹೊರಿಸಿದ ತಪ್ಪಲ್ಲ ಅದು, ನಾನೇ ಕೈಯಾರೆ ಮಾಡಿದ್ದು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮ ಕಡೆ ನಾಲ್ಕಕ್ಷರ ಓದಿದವರೆಲ್ಲ ಬಿಡದಿಯ ಕಾರ್ಖಾನೆಗಳ ಗೇಟಿನ ಮುಂದೆ ಅರ್ಜಿ ಹಿಡಿದು ನಿಲ್ಲುತ್ತಿದ್ದ ಕಾಲ. ನಾನೂ ರಾಮನಗರದಲ್ಲಿ ಬಿ.ಎಸ್ಸಿ. ಮುಗಿಸಿ ಎರಡು ಸಲ ಅಲ್ಲಿ ನಿಂತು ಬಂದಿದ್ದೆ. ಕೆಲಸ ಸಿಕ್ಕಿದ್ದು ಬೇರೆ ಕಡೆ. ಚನ್ನಪಟ್ಟಣದಿಂದ ಸ್ವಲ್ಪ ಒಳಗೆ, ತೆಂಗಿನ ತೋಟಗಳ ನಡುವೆ, ಒಬ್ಬರು ಹೊಸದಾಗಿ ವೈನ್ ತಯಾರಿಸುವ ಸಣ್ಣ ಕಾರ್ಖಾನೆ ತೆರೆದಿದ್ದರು. ಅವರ ಪ್ರಯೋಗಾಲಯಕ್ಕೆ ರಸಾಯನಶಾಸ್ತ್ರ ಓದಿದ ಒಬ್ಬರು ಬೇಕಾಗಿತ್ತು. ಹುಳಿ ಎಷ್ಟಿದೆ, ಸಕ್ಕರೆ ಎಷ್ಟು ಉಳಿದಿದೆ ಎಂದು ದಿನವೂ ನೋಡಿ ಬರೆದಿಡುವ ಕೆಲಸ. ನಾನು ಸೇರಿಕೊಂಡೆ. ಚನ್ನಪಟ್ಟಣದ ರೇಷ್ಮೆ ಬಿಚ್ಚುವ ಮನೆಗಳ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ.

ಊರಲ್ಲಿ ಮಾತ್ರ ಹೇಳಿದ್ದು ಬೇರೆ. ನಮ್ಮದು ಮಾಗಡಿ ತಾಲ್ಲೂಕಿನಲ್ಲಿ ಕುದೂರಿಗೆ ಹತ್ತಿರದ ಹಳ್ಳಿ. ಅಲ್ಲಿ ಅಪ್ಪನಿಗೂ ಅವ್ವನಿಗೂ ನಾನು ಹೇಳಿದ್ದು, ದ್ರಾಕ್ಷಿ ಜ್ಯೂಸಿನ ಫ್ಯಾಕ್ಟರಿ ಎಂದು.

ಆ ಸುಳ್ಳಿಗೆ ಕಾರಣ ನನ್ನ ದೊಡ್ಡಪ್ಪ. ನಮ್ಮ ಮನೆಯವರು ತಲೆತಲಾಂತರದಿಂದ ಗಾಡಿಯ ಚಕ್ರ ಮಾಡುವ ಆಚಾರಿಗಳು. ಅಪ್ಪ ಮತ್ತು ದೊಡ್ಡಪ್ಪ ಇಬ್ಬರೂ ಸೇರಿ ಮಾಡಿದ ಚಕ್ರಗಳು ಕುದೂರಿನ ಸುತ್ತಮುತ್ತಲ ಎಲ್ಲ ಊರುಗಳಲ್ಲೂ ಉರುಳುತ್ತಿದ್ದವು. ಆಮೇಲೆ ಟೈರಿನ ಗಾಡಿ ಬಂತು, ಅದರ ಹಿಂದೆ ಟ್ರ್ಯಾಕ್ಟರು ಬಂತು, ಮರದ ಚಕ್ರ ಕೇಳುವವರು ಇಲ್ಲವಾದರು. ಅಪ್ಪ ಬಾಗಿಲ ಚೌಕಟ್ಟು, ಮಂಚ, ಗುದ್ದಲಿಯ ಕಾವು ಎಂದು ಹೊಂದಿಕೊಂಡ. ದೊಡ್ಡಪ್ಪನಿಗೆ ಹೊಂದಿಕೊಳ್ಳಲು ಆಗಲಿಲ್ಲ. ಸಾರಾಯಿ ಪಾಕೀಟನ್ನು ಹಲ್ಲಿನಲ್ಲಿ ಕಚ್ಚಿ ಹರಿದು ಕುಡಿಯುತ್ತಿದ್ದ. ಕೊನೆಗೆ ಹೊಟ್ಟೆ ಊದಿಕೊಂಡು, ನಮ್ಮ ಜಗಲಿಯ ಮೇಲೆಯೇ, ಅಪ್ಪನ ಕೈಯಲ್ಲಿ ನೀರು ಕುಡಿಯುತ್ತಾ ಹೋದ. ಅಂದಿನಿಂದ ಅಪ್ಪ ಸಾರಾಯಿ ಅಂಗಡಿ ಇದ್ದ ಬೀದಿಯಲ್ಲಿ ಕಾಲಿಡಲಿಲ್ಲ. ಮದುವೆಮನೆಯ ಹಿತ್ತಿಲಲ್ಲಿ ಕುಡಿಯುವವರು ಕೂತಿದ್ದಾರೆ ಎಂದು ಗೊತ್ತಾದರೆ ಎಲೆಯ ಮುಂದಿನಿಂದ ಎದ್ದು ಬಂದುಬಿಡುತ್ತಿದ್ದ. ಅಂಥ ಮನುಷ್ಯನಿಗೆ ಮಗಳು ಎಲ್ಲಿ ಕೆಲಸ ಮಾಡುತ್ತಾಳೆ ಎಂದು ಹೇಗೆ ಹೇಳುವುದು? ಇವತ್ತು ಬೇಡ, ಮುಂದಿನ ಸಲ ಹೇಳೋಣ ಎಂದುಕೊಳ್ಳುತ್ತಲೇ ಎರಡು ವರ್ಷ ಕಳೆದಿದ್ದೆ. ಅಪ್ಪ ಅಷ್ಟರಲ್ಲಿ ಊರಿಗೆಲ್ಲ, "ನಮ್ ಮಗ್ಳು ದ್ರಾಕ್ಷಿ ಜ್ಯೂಸ್ ಟೆಸ್ಟ್ ಮಾಡ್ತಾಳೆ, ಕಾಯಿಲೆಯವ್ರಿಗೆ ಒಳ್ಳೇದಂತೆ" ಎಂದು ಹೇಳಿಕೊಂಡು ತಿರುಗಿದ್ದ.

ಇನ್ನು ಪೀಪಾಯಿಗಳ ವಿಷಯ. ಕಾರ್ಖಾನೆಯ ಯಜಮಾನರು ಹೊರದೇಶದಲ್ಲಿ ಕೆಲವು ತಿಂಗಳು ಇದ್ದು ವೈನ್ ಮಾಡುವುದನ್ನು ಕಲಿತು ಬಂದವರು. ಉಕ್ಕಿನ ಟ್ಯಾಂಕಿನಲ್ಲಿ ಆದ ವೈನನ್ನು ಓಕ್ ಮರದ ಪೀಪಾಯಿಯಲ್ಲಿ ಒಂದು ವರ್ಷ ಇಟ್ಟರೆ ಅದಕ್ಕೆ ಬೇರೆಯೇ ಹದ ಬರುತ್ತದೆ ಎಂದು ಅವರು ಅಲ್ಲಿಂದ ಎಂಟು ಹಳೆಯ ಪೀಪಾಯಿಗಳನ್ನು ಹಡಗಿನಲ್ಲಿ ತರಿಸಿದ್ದರು. ನಿಂತರೆ ನನ್ನ ಎದೆಯವರೆಗೆ ಬರುವಂಥವು. ಅವುಗಳ ಜೊತೆ ಬಂದ ಕಾಗದದಲ್ಲಿ, ಬಳಸದೆ ಇರುವಾಗ ಗಂಧಕ ಬೆರೆಸಿದ ನೀರು ತುಂಬಿಡಬೇಕು ಎಂದು ಬರೆದಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ನನ್ನದು.

ಬೇಸಗೆಯ ಆರಂಭದಲ್ಲಿ ಒಂದು ಪೀಪಾಯಿಯ ಮೈಮೇಲೆ ಬೂಷ್ಟು ಕಂಡಿತು. ನೀರು ನಿಂತು ಮರ ಕೊಳೆಯುತ್ತಿದೆ ಎಂದು ನನಗೆ ಗಾಬರಿಯಾಯಿತು. ಯಜಮಾನರು ಊರಲ್ಲಿರಲಿಲ್ಲ. ಯಾರನ್ನೂ ಕೇಳದೆ ಎಂಟರಲ್ಲೂ ನೀರು ಚೆಲ್ಲಿಸಿ, ತಗಡಿನ ಮಾಡಿನ ಶೆಡ್ಡಿನಲ್ಲಿ ಒಣಗಲು ನಿಲ್ಲಿಸಿಬಿಟ್ಟೆ. ಒಳ್ಳೆಯ ಕೆಲಸ ಮಾಡಿದೆ ಎಂದೇ ಅಂದುಕೊಂಡಿದ್ದೆ. ಏಪ್ರಿಲ್ ಮೇ ಬಿಸಿಲಿಗೆ ಆ ತಗಡಿನ ಕೆಳಗೆ ಮರ ಎಷ್ಟು ಕುಗ್ಗಿತೆಂದರೆ, ಜೂನಿನಲ್ಲಿ ವೈನ್ ಇಳಿಸಬೇಕೆಂದು ಒಂದನ್ನು ಉರುಳಿಸಿದಾಗ ಅದರ ಕಬ್ಬಿಣದ ಬಳೆಗಳು ತಾವಾಗಿಯೇ ಜಾರಿ ಕೆಳಗೆ ಬಿದ್ದವು. ಹಲಗೆಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು.

ಯಜಮಾನರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಪೀಪಾಯಿಯ ಸುತ್ತ ಒಂದು ಸುತ್ತು ಬಂದು, "ಟ್ಯಾಂಕು ಖಾಲಿಯಾಗಬೇಕು, ದ್ರಾಕ್ಷಿ ಬರುವ ಹೊತ್ತಾಯಿತು" ಎಂದಷ್ಟೇ ಹೇಳಿ ಒಳಗೆ ಹೋದರು. ಬಿಸಿನೀರು ತುಂಬಿ ನೋಡಿದೆವು. ಮೂರು ದಿನ ಬಿಟ್ಟರೂ ತುಂಬಿದ ನೀರೆಲ್ಲ ಶೆಡ್ಡಿನ ನೆಲದ ಮೇಲೆಯೇ. ಮಾರಿದವರಿಗೆ ಫೋನು ಮಾಡಿದರೆ, ಪೀಪಾಯಿ ಕಟ್ಟುವವರು ನಿಮ್ಮ ದೇಶಕ್ಕೆ ಬರುವಂತಿಲ್ಲ, ಹೊಸದು ತರಿಸಿಕೊಳ್ಳಿ ಎಂದರು. ಹೊಸದು ಹಡಗಿನಲ್ಲಿ ಬರುವುದಕ್ಕೆ ಆರು ತಿಂಗಳು.

ಚನ್ನಪಟ್ಟಣದಲ್ಲಿ ಮರದ ಕೆಲಸಕ್ಕೆ ಜನ ಕಡಿಮೆಯೇ? ಗೊಂಬೆ ಕಡೆಯುವ ಒಬ್ಬರನ್ನು ಕರೆದುತಂದೆವು. ನಡುವಯಸ್ಸಿನವರು, ನಗುಮುಖದವರು. ಗೊಂಬೆಗೆ ಬಣ್ಣ ಹಾಕುವ ಅರಗನ್ನೇ ಕಾಯಿಸಿ ಒಂದು ಪೀಪಾಯಿಯ ಸಂದುಗಳಿಗೆಲ್ಲ ತುಂಬಿದರು. ನೀರು ಹಾಕಿದೆವು. ಒಂದು ಹನಿ ಹೊರಗೆ ಬರಲಿಲ್ಲ. ಎಲ್ಲರೂ ಖುಷಿಯಾದರು. ನನಗೆ ಮಾತ್ರ ಅನುಮಾನ. ಅರಗಿನ ಒಂದು ಚೂರನ್ನು ಲೋಟದಲ್ಲಿ ವೈನಿಗೆ ಹಾಕಿ ಪ್ರಯೋಗಾಲಯದಲ್ಲಿಟ್ಟೆ. ಎರಡು ದಿನಕ್ಕೆ ಅದು ಬಿಳಿಚಿಕೊಂಡು, ಉಗುರಿನಿಂದ ಒತ್ತಿದರೆ ತಗ್ಗುವಷ್ಟು ಮೆತ್ತಗಾಗಿತ್ತು. ಅವರಿಗೆ ತೋರಿಸಿದೆ. ಅವರು ಹಣೆ ಮುಟ್ಟಿಕೊಂಡರು.

"ಪಾಲಿಶ್ ಮಾಡಾಕೆ ನಾವು ಅರಗ್ನ ಸ್ಪಿರಿಟ್ನಾಗೇ ಕರಗ್ಸೋದು ಕಣಮ್ಮ. ದಿನಾ ಮಾಡೋ ಕೆಲ್ಸ, ನಂಗ್ ಒಳೀಲೇ ಇಲ್ಲ ನೋಡಿ."

ಅವರು ಹೋದ ಮೇಲೆ ನಾನು ಶೆಡ್ಡಿನಲ್ಲಿ ಬಿಚ್ಚಿ ಬಿದ್ದಿದ್ದ ಒಂದು ಹಲಗೆಯನ್ನು ಕೈಗೆತ್ತಿಕೊಂಡೆ. ನಡುವೆ ಅಗಲ, ಎರಡು ತುದಿಗೆ ಸಪೂರ, ಒಳಗಡೆಗೆ ಬಾಗಿದ್ದು. ಅಂಚುಗಳನ್ನು ಓರೆಯಾಗಿ ಕೆತ್ತಿದ್ದರು. ಹಲಗೆಗಳು ಒಂದಕ್ಕೊಂದು ಒತ್ತಿ ನಿಂತು, ಹೊರಗಿನಿಂದ ಕಬ್ಬಿಣದ ಬಳೆ ಬಿಗಿದು, ಮೊಳೆಯೂ ಇಲ್ಲದೆ ಅಂಟೂ ಇಲ್ಲದೆ ಒಂದಾಗುವುದು. ಇದು ನನಗೆ ಗೊತ್ತಿದ್ದ ಕೆಲಸ. ಚಿಕ್ಕಂದಿನಿಂದ ಹಿತ್ತಿಲಲ್ಲಿ ನೋಡಿದ್ದೇ ಇದು. ಚಕ್ರದ ಮರದ ತುಂಡುಗಳನ್ನು ಜೋಡಿಸಿ, ಕಬ್ಬಿಣದ ಪಟ್ಟೆಯನ್ನು ಕೆಂಪಗೆ ಕಾಯಿಸಿ ತೊಡಿಸಿ, ನೀರು ಹಾಕಿ ಬಿಗಿ ಮಾಡುತ್ತಿದ್ದ ಮನುಷ್ಯ ಯಾರೆಂದು ನೆನಪಾದಾಗ ಹಲಗೆಯನ್ನು ಕೆಳಗಿಟ್ಟುಬಿಟ್ಟೆ. ಅವನನ್ನು ಇಲ್ಲಿಗೆ ಕರೆತರುವುದೆಂದರೆ ಎಲ್ಲವನ್ನೂ ಹೇಳಬೇಕು.

ಆ ಭಾನುವಾರ ಹಲಗೆಯನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ರಾಮನಗರದಲ್ಲಿ ಒಂದು ಬಸ್ಸು, ಮಾಗಡಿಯಲ್ಲಿ ಒಂದು ಬಸ್ಸು. ಕಂಡಕ್ಟರು, "ಏನಮ್ಮ ಅದು, ನೇಗಿಲಾ?" ಎಂದು ಕೇಳಿದ. ಹೌದೆಂದೆ. ಸುಳ್ಳು ಹೇಳುವುದು ಅಷ್ಟು ಅಭ್ಯಾಸವಾಗಿಹೋಗಿತ್ತು.

ಮನೆ ತಲುಪಿದಾಗ ಅಪ್ಪ ಜಗಲಿಯ ಮೇಲೆ ಯಾರದೋ ಕುಂಟೆಗೆ ಹಲ್ಲು ಕೂರಿಸುತ್ತಿದ್ದ. ಹಲಗೆಯನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಅಂಚಿನ ಮೇಲೆ ಹೆಬ್ಬೆರಳು ಎಳೆದ. ಕಣ್ಣಿನ ನೇರಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿದ.

"ಏನ್ ಮರ ಇದು?"

"ಓಕ್ ಅಂತ. ನಮ್ ಕಡೆ ಬೆಳೆಯಲ್ಲ. ಪೀಪಾಯಿ ಹಲಗೆ ಅಪ್ಪ. ಒಣಗಿ ಎಲ್ಲಾ ಬಿಚ್ಕೊಂಡಿದೆ. ನಿನ್ನ ಕೈಲಿ ಕಟ್ಟಕ್ಕಾಗತ್ತಾ?"

"ಕೆತ್ದೋನು ಬಲೇ ಗಟ್ಟಿಗ ಕಣಮ್ಮಿ" ಎಂದ ಅಪ್ಪ. ಇನ್ನೊಮ್ಮೆ ತಿರುಗಿಸಿದ. ಒಳಮೈಯ ಕಡುಗೆಂಪು ಕಲೆಯನ್ನು ಉಗುರಿನಿಂದ ಕೆರೆದ. "ಅಲ್ಲ, ಜ್ಯೂಸ್ ಇಡಾಕೆ ಮರದ ಪೀಪಾಯಿ ಯಾಕೆ? ಹಣ್ಣಿನ ರಸ ಮರದಾಗಿಟ್ರೆ ಮೂರ್ ದಿನಕ್ಕೆ ಹುಳಿ ಬತ್ತದೆ. ಇಷ್ಟ್ ಬಿಗಿಯಾಗಿ ಕಟ್ಟಿ ವರ್ಷಗಟ್ಲೆ ಮಡಗೋದು ಏನ್ನ?"

ಅಪ್ಪ ಯಾರಿಂದಲೋ ಕೇಳಿ ತಿಳಿದುಕೊಂಡಿದ್ದರೆ ನಾನು ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದೆ. ಅವನು ಒಂದು ಹಲಗೆ ನೋಡಿ ಕಂಡುಹಿಡಿದಿದ್ದ. ಅದರ ಮುಂದೆ ಸುಳ್ಳು ಬರಲಿಲ್ಲ.

"ವೈನ್ ಅಪ್ಪ. ದ್ರಾಕ್ಷಿದೇ. ಆದ್ರೆ ಜ್ಯೂಸ್ ಅಲ್ಲ, ಕುಡಿಯೋದು. ಎರಡು ವರ್ಷದಿಂದ ಅಲ್ಲೇ ಕೆಲಸ ಮಾಡ್ತಿದೀನಿ. ನಿಂಗೆ ಹೇಳಕ್ಕೆ ಧೈರ್ಯ ಬರಲಿಲ್ಲ."

ಅಪ್ಪ ಹಲಗೆಯನ್ನು ಗೋಡೆಗೆ ಒರಗಿಸಿಟ್ಟ. ಎದ್ದು, ಟವಲು ಹೆಗಲಿಗೆ ಹಾಕಿಕೊಂಡು ಕೆರೆಯ ಕಡೆಗೆ ಹೊರಟುಹೋದ. ಬಾಗಿಲಲ್ಲಿ ನಿಂತಿದ್ದ ಅವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಎಲ್ಡ್ ವರ್ಷ ಒಟ್ಟೇಲಿ ಮಡೀಕೊಂಡಿದ್ಯಲ್ಲ" ಎಂದಳು. "ನನ್ ತಾವಾದ್ರೂ ಯೋಳ್ಬಾರ್ದಾ?"

"ಹೇಳಿದ್ರೆ ಕೆಲಸ ಬಿಡ್ಸ್ತಿದ್ರಿ."

"ಬುಡುಸ್ತಿದ್ನೋ ಏನೋ" ಎಂದು ಅವ್ವ ಒಳಗೆ ಹೋಗಿ ಒಲೆಗೆ ಸೌದೆ ಒಡ್ಡಿದಳು. ನಾನು ಜಗಲಿಯ ಮೇಲೆ ಕೂತೆ. ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿಬಿಡುವುದೇ ಸರಿ ಎಂದುಕೊಂಡೆ. ಆದರೂ ನಿಜ ಹೇಳಿ ಮುಗಿಸಿದ ಮೇಲೆ ಉಸಿರು ಸಲೀಸಾಗಿ ಆಡುತ್ತಿತ್ತು. ಹೆದರಿಕೆ ಇದ್ದೇ ಇತ್ತು. ಆದರೆ ಎರಡು ವರ್ಷದಿಂದ ಭುಜದ ಮೇಲೆ ಹೊತ್ತಿದ್ದ ಏನನ್ನೋ ಇಳಿಸಿಟ್ಟ ಹಾಗೂ ಆಗಿತ್ತು.

ಅಪ್ಪ ಊಟದ ಹೊತ್ತಿಗೆ ಬಂದ. ಕಾಲು ತೊಳೆದು, ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ಮುಖ ನೋಡಿ ಕೇಳಿದ.

"ನೀನು ಕುಡೀತೀಯೇನವ್ವಾ?"

"ಇಲ್ಲಪ್ಪ. ಬಾಯಿಗೆ ಹಾಕ್ಕೊಂಡು ರುಚಿ ನೋಡ್ತೀನಿ, ಉಗೀತೀನಿ. ಅದು ಕೆಲಸ."

"ಉಗೀತೀಯಾ?"

"ಹ್ಞೂಂ. ಅದಕ್ಕೇ ಅಂತ ಒಂದು ಡಬ್ಬಿ ಇಟ್ಟಿರ್ತಾರೆ."

ಒಳಗಿನಿಂದ ಅವ್ವನ ದನಿ ಬಂತು. "ಉಗಿಯಾಕೂ ಸಂಬ್ಳ ಕೊಡ್ತಾರಂತೆ, ಕೇಳುಸ್ತಾ?"

ಅಪ್ಪನ ಮುಖ ಸಡಿಲವಾಯಿತು. ನಗಲಿಲ್ಲ, ಆದರೆ ನಗುವಿನ ಹತ್ತಿರ ಬಂದು ನಿಂತ. ಮುದ್ದೆ ಮುರಿಯುತ್ತಾ ಹೇಳಿದ, "ಸುಳ್ ಯೋಳಿದ್ದು ನಂಗೆ ಬೇಜಾರು ಕಣಮ್ಮಿ. ಊರ್ಗೆಲ್ಲ ಜ್ಯೂಸ್ ಅಂತ ಸಾರ್ಕೊಂಡು ಬಂದಿವ್ನಿ." ತುತ್ತು ನುಂಗಿ, "ಎಷ್ಟ್ ಪೀಪಾಯಿ?" ಎಂದ.

"ಎಂಟು."

"ಬೆಳಿಗ್ಗೆ ಮೊದಲ್ನೇ ಬಸ್ಗೆ ಓಗಾನ. ನೋಡ್ತೀನಿ ಅಷ್ಟೆ. ಆಯ್ತದೆ ಅಂತ ಯೋಳಕಿಲ್ಲ."

ಉಳಿ, ಬಾಚಿ, ಸುತ್ತಿಗೆಗಳ ಚೀಲ ಹಿಡಿದು ಅಪ್ಪ ನನ್ನ ಜೊತೆ ಬಂದ. ಕಾರ್ಖಾನೆಯ ಗೇಟಿನಲ್ಲಿ ಯಜಮಾನರು ಕೈಮುಗಿದು ಬರಮಾಡಿಕೊಂಡರು. ಅಪ್ಪ ಟ್ಯಾಂಕುಗಳಿದ್ದ ಕಟ್ಟಡದತ್ತ ತಿರುಗಿಯೂ ನೋಡದೆ ನೇರ ಶೆಡ್ಡಿಗೆ ನಡೆದ. ಒಂದು ಪೀಪಾಯಿಯ ಮೇಲಿನ ಮುಚ್ಚಳದ ಹಲಗೆಗಳನ್ನು ತೆಗೆದು, ಒಳಗೆ ಕತ್ತು ಬಗ್ಗಿಸಿ ಮೂಸಿದ. ಬಹಳ ಹೊತ್ತು ಹಾಗೆಯೇ ಇದ್ದ. ನಾನು ಕೈ ಕಟ್ಟಿ ನಿಂತೆ. ತಲೆ ಹೊರಗೆ ತೆಗೆದಾಗ ಅವನ ಕಣ್ಣು ಒದ್ದೆಯಾಗಿತ್ತು.

"ಇದು ಅಣ್ಣನ ವಾಸ್ನೆ ಅಲ್ಲ" ಎಂದ. "ಇದ್ರಲ್ಲಿ ಮರದ್ದೇ ಜಾಸ್ತಿ ಐತೆ."

ಮೊದಲ ದಿನವೇ ಎಡವಟ್ಟಾಯಿತು. ಅಪ್ಪನಿಗೆ ಗೊತ್ತಿದ್ದದ್ದು ಚಕ್ರದ ಲೆಕ್ಕ. ಬಳೆಯೊಂದನ್ನು ಸೌದೆಯ ಬೆಂಕಿಯಲ್ಲಿ ಕಾಯಿಸಿ, ಹಲಗೆಗಳ ಸುತ್ತ ತೊಡಿಸಿ, ನೀರು ಎರಚಿದ. ಚಕ್ರದ ದಪ್ಪ ಮರ ಆ ಬಿಗಿಯನ್ನು ತಡೆಯುತ್ತದೆ. ಪೀಪಾಯಿಯ ಹಲಗೆ ಎರಡು ಬೆರಳಿನಷ್ಟೂ ದಪ್ಪವಿಲ್ಲ. ಬಳೆ ಕುಗ್ಗುತ್ತಿದ್ದಂತೆ ಚಟ್ ಎಂದು ಒಂದು ಹಲಗೆ ಉದ್ದಕ್ಕೆ ಸೀಳಿತು, ಇನ್ನೆರಡು ಸುಟ್ಟು ಕಪ್ಪಾದವು. ಯಜಮಾನರು ನೋಡಿದರು. ಅಪ್ಪ ಸುತ್ತಿಗೆ ಕೆಳಗಿಟ್ಟು, ತಲೆ ತಗ್ಗಿಸಿ, "ನನ್ ತೆಪ್ಪು ಸ್ವಾಮಿ" ಎಂದ.

"ಬಿಡಿ ಆಚಾರ್ರೆ" ಎಂದರು ಯಜಮಾನರು. "ಹೇಗಿದ್ದರೂ ಒಡೆದಿದ್ದೇ ಅಲ್ಲವೇ."

ಆ ಸಂಜೆ ನನ್ನ ಕೋಣೆಯಲ್ಲಿ ಅಪ್ಪ ಊಟ ಸರಿಯಾಗಿ ಮಾಡಲಿಲ್ಲ. ಅವನನ್ನು ಕರೆತಂದು ಅವಮಾನ ಮಾಡಿಸಿದೆನೇನೋ ಎಂದು ನನಗೆ ಅಳುಕು. ಮರುದಿನ ಅವನು ಕೆಲಸ ಮಾಡಲೇ ಇಲ್ಲ. ಇದ್ದುದರಲ್ಲಿ ಗಟ್ಟಿಯಾಗಿದ್ದ ಒಂದು ಪೀಪಾಯಿಯನ್ನು ಆರಿಸಿ, ಹಲಗೆಗಳಿಗೆ ಸೀಮೆಸುಣ್ಣದಲ್ಲಿ ಒಂದು, ಎರಡು, ಮೂರು ಎಂದು ಗುರುತು ಹಾಕಿ, ಪೂರ್ತಿ ಬಿಚ್ಚಿ ನೆಲದ ಮೇಲೆ ಸಾಲಾಗಿ ಮಲಗಿಸಿದ. ಪಕ್ಕದಲ್ಲಿ ಬಳೆಗಳನ್ನು ಜೋಡಿಸಿದ. ಮಧ್ಯಾಹ್ನದವರೆಗೂ ಅವುಗಳ ನಡುವೆ ಕೂತು ನೋಡುತ್ತಲೇ ಇದ್ದ. ಒಂದು ಬಳೆಯನ್ನು ಎತ್ತಿ ನನ್ನ ಕೈಗೆ ಕೊಟ್ಟ.

"ಬೆರಳಾಡ್ಸಿ ನೋಡು. ಎಲ್ಡ್ ಅಂಚೂ ಒಂದೇ ಅಗಲ ಇಲ್ಲ. ಒಂದ್ ಕಡೆ ಒಸಿ ದೊಡ್ಡದು."

ನಿಜವಾಗಿತ್ತು. ಬಳೆಯ ಒಂದು ಬಾಯಿ ಇನ್ನೊಂದಕ್ಕಿಂತ ತುಸು ಹಿರಿದು.

"ಬೆಂಕೀನೇ ಬ್ಯಾಡ ಇದ್ಕೆ" ಎಂದ ಅಪ್ಪ. "ಪೀಪಾಯಿ ಒಟ್ಟೆ ದಪ್ಪ, ತುದಿ ಸಣ್ಣ. ಬಳೇನ ತುದಿಯಿಂದ ಒಟ್ಟೆ ಕಡೀಕೆ ಸುತ್ತಿಗೇಲಿ ತಣ್ಣಗೇ ಒಡ್ಕೊಂಡ್ ಓದ್ರೆ ತಾನೇ ಬಿಗೀತದೆ. ಸುತ್ತ ಸಮವಾಗಿ ಒಡೀಬೇಕು ಅಷ್ಟೆ. ಒಂದೇ ಕಡೆ ಒಡುದ್ರೆ ಮುನಿಸ್ಕೊಳ್ತದೆ."

ಅಲ್ಲಿಂದ ಮುಂದೆ ಕೆಲಸ ಓಡಿತು. ಸೀಳಿದ ಪೀಪಾಯಿಯ ಒಳ್ಳೆಯ ಹಲಗೆಗಳನ್ನು ಬೇರೆಯವಕ್ಕೆ ಉಪಯೋಗಿಸಿ, ಎಂಟರಲ್ಲಿ ಏಳನ್ನು ಉಳಿಸುವುದೆಂದು ಅಪ್ಪ ತೀರ್ಮಾನಿಸಿದ. ಅರಗು ತುಂಬಿದ್ದನ್ನೂ ಬಿಚ್ಚಿ, ಅಂಚುಗಳನ್ನು ಉಳಿಯಿಂದ ಕೆರೆದು ಶುದ್ಧ ಮಾಡಿದ. ಹಲಗೆಗಳನ್ನು ಒಂದೊಂದಾಗಿ ಬಳೆಯೊಳಗೆ ನಿಲ್ಲಿಸುವುದು, ಸುತ್ತ ತಿರುಗುತ್ತಾ ಟಕ್ ಟಕ್ ಎಂದು ಬಳೆಯನ್ನು ಇಳಿಸುವುದು, ನಿಂತು ಕಿವಿಗೊಡುವುದು. ಸಡಿಲವಿದ್ದಾಗ ಶಬ್ದ ಟೊಳ್ಳು, ಬಿಗಿ ಕೂತಾಗ ಗಟ್ಟಿ. ಎರಡು ಮೂರು ದಿನಗಳಲ್ಲಿ ನನಗೂ ಆ ವ್ಯತ್ಯಾಸ ತಿಳಿಯತೊಡಗಿತು. ಪ್ರಯೋಗಾಲಯದ ಕಿಟಕಿಯ ಬಳಿ ಗಾಜಿನ ನಳಿಕೆ ಹಿಡಿದು ಕೂತಿದ್ದಾಗ ಅದು ಕೇಳಿಸಿದರೆ ನನಗೆ ನಮ್ಮ ಮನೆಯ ಹಿತ್ತಿಲಲ್ಲಿ ಕೂತ ಹಾಗೆಯೇ ಆಗುತ್ತಿತ್ತು.

ಹಾಗಿದ್ದೂ ಕೆಲವು ಹಲಗೆಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿದೇ ಉಳಿಯಿತು. ಅಂಟು ಹಾಕುವಂತಿಲ್ಲ, ಅರಗು ಹಾಕುವಂತಿಲ್ಲ. ಅಪ್ಪ ಒಂದು ಬೆಳಿಗ್ಗೆ ಹೇಳದೆ ಕೇಳದೆ ಎಲ್ಲಿಗೋ ಹೋದ. ಬಂದಾಗ ಮೊಣಕಾಲವರೆಗೆ ಕೆಸರು, ಕಂಕುಳಲ್ಲಿ ಕೆರೆಯಂಚಿನ ಜೊಂಡಿನ ಒಂದು ಹೊರೆ. ಅದರ ಉದ್ದನೆಯ ಎಲೆಗಳನ್ನು ನೆರಳಲ್ಲಿ ಬಾಡಿಸಿ, ಸೀಳಿ, ಸಂದಿದ್ದ ಕಡೆ ಎರಡು ಹಲಗೆಗಳ ನಡುವೆ ಒಂದೊಂದು ಎಲೆ ಇಟ್ಟು ಬಳೆ ಬಿಗಿದ.

"ನೀರ್ ಕುಡುದ್ರೆ ಜೊಂಡು ಉಬ್ತದೆ. ಜಾಗ ಬುಡಾಕಿಲ್ಲ" ಎಂದ.

ಯಜಮಾನರು ಒಪ್ಪುತ್ತಾರೋ ಇಲ್ಲವೋ ಎಂದು ನನಗೆ ಹೆದರಿಕೆ. ಕೆರೆಯ ಹುಲ್ಲನ್ನು ವೈನ್ ಪೀಪಾಯಿಗೆ ಇಡುವುದೆಂದರೇನು? ಅವರನ್ನು ಕರೆದು ತೋರಿಸಿದೆ. ಅವರು ಕನ್ನಡಕ ತೆಗೆದು ಹತ್ತಿರ ಬಗ್ಗಿ ನೋಡಿದರು. ಎದ್ದು ನಿಂತಾಗ ಅವರ ಮುಖದಲ್ಲಿ ಬೆರಗು.

"ನಿಮಗೆ ಇದನ್ನ ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ ಸ್ವಾಮಿ. ನಮ್ ಕಡೆ ಮರದ ತೊಟ್ಟಿ ಸೋರಿದ್ರೆ ಇಂಗೇ ಮಾಡ್ತಿದ್ರು, ನಮ್ಮಪ್ಪ."

"ನಾನಿದ್ದ ದೇಶದಲ್ಲೂ ಪೀಪಾಯಿ ಕಟ್ಟುವವರು ಇದನ್ನೇ ಇಡುತ್ತಾರೆ ಆಚಾರ್ರೆ. ಅಲ್ಲಿನ ಕೆರೆಯಲ್ಲಿ ಬೆಳೆಯುವ ಇಂಥದೇ ಎಲೆ. ಕಣ್ಣಾರೆ ನೋಡಿದ್ದೇನೆ."

ಅಪ್ಪ ಅದಕ್ಕೆ ಅಚ್ಚರಿಪಟ್ಟಂತೆ ಕಾಣಲಿಲ್ಲ. "ಅವ್ರಿಗೂ ಸೋರ್ತಿತ್ತೇನೋ" ಎಂದು ಮತ್ತೆ ಸುತ್ತಿಗೆ ಹಿಡಿದ.

ಹನ್ನೊಂದನೆಯ ದಿನ ಏಳೂ ಪೀಪಾಯಿಗಳು ನಿಂತವು. ಪ್ರತಿಯೊಂದಕ್ಕೂ ಬಿಸಿನೀರು ಹಾಕಿ ನೆಲದ ಮೇಲೆ ಉರುಳಿಸಿದೆವು, ಆಮೇಲೆ ಕಂಠದವರೆಗೆ ತಣ್ಣೀರು ತುಂಬಿ ಇಟ್ಟಿಗೆಗಳ ಮೇಲೆ ಮಲಗಿಸಿದೆವು. ಮೊದಲು ಅಲ್ಲಲ್ಲಿ ಒಸರಿತು. ಅಪ್ಪ ಬಳೆಗಳಿಗೆ ಇನ್ನೊಂದು ಸುತ್ತು ಏಟು ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಒಸರುವುದು ನಿಂತಂತೆ ಕಂಡಿತು. ಆದರೆ ಹಸಿ ನೆಲದ ಮೇಲೆ ನಿಂತಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಅಪ್ಪ ನೆಲ ಒರೆಸಿಸಿ, ಅಡುಗೆಯವರಿಂದ ಒಲೆಯ ಬೂದಿ ತರಿಸಿ, ಜರಡಿ ಹಿಡಿದು ಏಳೂ ಪೀಪಾಯಿಗಳ ಕೆಳಗೆ ತೆಳ್ಳಗೆ ಹರಡಿದ. ಒಂದು ಹನಿ ಬಿದ್ದರೂ ಬೂದಿಯಲ್ಲಿ ಗುಳಿ ಬೀಳುತ್ತದೆ. ಶೆಡ್ಡಿಗೆ ಬೀಗ ಹಾಕಿ ನಾವು ಚನ್ನಪಟ್ಟಣಕ್ಕೆ ಹೋದೆವು.

ಮರುದಿನ ಬೆಳಿಗ್ಗೆ ನಾನೇ ಬೀಗ ತೆಗೆದೆ. ಅಪ್ಪ ಹಿಂದೆ ನಿಂತಿದ್ದ, ಯಜಮಾನರು ಅವನ ಪಕ್ಕದಲ್ಲಿ. ಬಾಗಿಲು ತಳ್ಳಿದೆ. ಕಿಟಕಿಯಿಂದ ಬಿದ್ದ ಬಿಸಿಲಲ್ಲಿ ಬೂದಿ ಹಿಂದಿನ ದಿನ ಹರಡಿದ ಹಾಗೆಯೇ ಇತ್ತು. ಮೊದಲನೆಯದರ ಕೆಳಗೆ ಕೂತು ನೋಡಿದೆ. ಗುಳಿಯಿಲ್ಲ. ಎರಡನೆಯದು, ಮೂರನೆಯದು. ನಾಲ್ಕನೆಯದರ ಕೆಳಗೆ ಸಣ್ಣ ಸಣ್ಣ ಗುಳಿಗಳು ಕಂಡವು. ಬಗ್ಗಿ ನೋಡಿದರೆ ಅಳಿಲಿನ ಹೆಜ್ಜೆ. ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಅದು ಓಡಿಹೋದ ಜಾಡು ಸಾಲಾಗಿ ಬಿದ್ದಿತ್ತು. ಏಳನೆಯದನ್ನೂ ನೋಡಿ ಮುಗಿಸಿ, ಆ ಬೂದಿಯ ಪಕ್ಕದಲ್ಲಿಯೇ ಕೂತುಬಿಟ್ಟೆ. ಅಳುತ್ತಿದ್ದೆನೋ ನಗುತ್ತಿದ್ದೆನೋ ಈಗ ನೆನಪಿಲ್ಲ. ಯಜಮಾನರು ಅಪ್ಪನ ಎರಡು ಕೈಗಳನ್ನೂ ಹಿಡಿದುಕೊಂಡಿದ್ದು ನೆನಪಿದೆ. ಅಪ್ಪ ಕೈ ಬಿಡಿಸಿಕೊಳ್ಳಬೇಕೋ ಬೇಡವೋ ತಿಳಿಯದೆ ಮುಜುಗರದಿಂದ ನಿಂತಿದ್ದ.

ನೀರು ಚೆಲ್ಲಿ ವೈನ್ ಇಳಿಸುವಾಗ ಅಪ್ಪ ಒಳಗೆ ಬರಲಿಲ್ಲ. "ನಾನ್ ಆಚೆ ಇರ್ತೀನಿ" ಎಂದು ಹುಣಸೆಮರದ ಕೆಳಗೆ ಹೋಗಿ ಕೂತ. ನಾವು ಯಾರೂ ಬಲವಂತ ಮಾಡಲಿಲ್ಲ. ಏಳೂ ತುಂಬಿ ಮುಗಿದ ಮೇಲೆ ನಾನು ಹೋಗಿ ಹೇಳಿದೆ, ಎಲ್ಲೂ ಸೋರಲಿಲ್ಲ ಎಂದು. ಅವನು ಒಮ್ಮೆ ತಲೆಯಾಡಿಸಿ, "ಸರಿ. ಊಟ ಮಾಡಾನಾ?" ಎಂದ. ಬೆಳಿಗ್ಗೆಯಿಂದ ಇಬ್ಬರೂ ಏನೂ ತಿಂದಿರಲಿಲ್ಲ ಎನ್ನುವುದು ಆಗಲೇ ನನಗೆ ಹೊಳೆದದ್ದು.

ಊರಿಗೆ ಹೋದ ಮೇಲೆ ಅಪ್ಪ ಯಾರಿಗೂ ಏನನ್ನೂ ಮುಚ್ಚಿಡಲಿಲ್ಲ. ಕುದೂರಿನ ಹೋಟೆಲಿನಲ್ಲಿ ಕೂತು ತಾನೇ ಹೇಳಿದನಂತೆ, ಮಗಳದು ಜ್ಯೂಸಲ್ಲ, ವೈನು, ತಾನು ಹೋಗಿ ಪೀಪಾಯಿ ಕಟ್ಟಿಕೊಟ್ಟು ಬಂದೆ ಎಂದು. ಒಬ್ಬಿಬ್ಬರು ನಕ್ಕರಂತೆ. ನಮ್ಮ ಸಂಬಂಧಿಕರೊಬ್ಬರು ಸ್ವಲ್ಪ ದಿನ ಮಾತು ಬಿಟ್ಟರು, ಆಮೇಲೆ ಅವರೇ ಬಂದು ಬಾಗಿಲು ರಿಪೇರಿಗೆ ಅಪ್ಪನನ್ನು ಕರೆದುಕೊಂಡು ಹೋದರು. ಅದಾದ ಮೇಲೆ ನಾಲ್ಕು ವರ್ಷ, ಪ್ರತಿ ಬೇಸಗೆಯಲ್ಲೂ ಅಪ್ಪ ಹತ್ತು ದಿನ ಬಂದು ಬಳೆಗಳನ್ನು ನೋಡಿ, ಸಡಿಲವಾದದ್ದನ್ನು ಬಿಗಿ ಮಾಡಿ ಹೋಗುತ್ತಿದ್ದ. ಪೀಪಾಯಿಗಳನ್ನು ನಾನು ಒಂದು ದಿನವೂ ಒಣಗಲು ಬಿಡಲಿಲ್ಲ.

ಒಂದು ಸಲ ಅವ್ವನೂ ಜೊತೆಯಲ್ಲಿ ಬಂದಳು. ಸಾಲಾಗಿ ಮಲಗಿದ್ದ ಪೀಪಾಯಿಗಳ ನಡುವೆ ನಿಧಾನವಾಗಿ ನಡೆದು, ಒಂದರ ಮೇಲೆ ಅಂಗೈ ಇಟ್ಟು, "ಯಾರು ಕುಡೀತಾರೆ ಇದ್ನ?" ಎಂದು ಕೇಳಿದಳು.

"ಬೆಂಗಳೂರಿನ ದೊಡ್ಡ ದೊಡ್ಡ ಹೋಟೆಲಿಗೆ ಹೋಗತ್ತೆ ಅವ್ವ. ಊಟದ ಜೊತೆ ಸ್ವಲ್ಪ ಸ್ವಲ್ಪ ಕುಡೀತಾರೆ."

"ಅವ್ರಲ್ಲೂ ನಿಮ್ ದೊಡ್ಡಪ್ಪನಂತೋರು ಇರಾಕಿಲ್ವಾ?"

"ಇರ್ತಾರೆ ಅವ್ವ."

ಅವಳು ಸೆರಗಿನಿಂದ ಪೀಪಾಯಿಯ ಮೇಲಿನ ಧೂಳು ಒರೆಸಿ, "ನಿಮ್ಮಪ್ಪ ಎಲ್ಲಿ, ಬಿಸ್ಲಾಗೆ ಕುಂತವ್ನಾ ನೋಡು" ಎಂದಳು. ಇಬ್ಬರೂ ಹೊರಗೆ ಬಂದೆವು.